ಸ್ಟೀರಿಂಗ್ ಭಾರವಾದಾಗ ಮೊದಲು ದೂರಿದ್ದು ಪಂಪನ್ನು

ಹದಿನೈದು ವರ್ಷಗಳಿಂದ ಓಡಿಸುತ್ತಿರುವ ನನ್ನ ಡೀಸೆಲ್ ಯುಟಿಲಿಟಿ ವಾಹನದ ಸ್ಟೀರಿಂಗಿನಲ್ಲಿ ಎರಡು ತೊಂದರೆಗಳು ಹೆಚ್ಚುಕಡಿಮೆ ಒಂದೇ ವಾರದಲ್ಲಿ ಕಾಣಿಸಿಕೊಂಡವು. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಚಾಲೂ ಮಾಡಿದ ಕೂಡಲೇ ಬಾನೆಟ್ಟಿನ ಅಡಿಯಿಂದ ದುಂಬಿ ಗುಂಯ್‌ಗುಟ್ಟಿದಂಥ ಸದ್ದು ಬರುತ್ತಿತ್ತು; ಸ್ಟೀರಿಂಗ್ ತಿರುಗಿಸಿದರೆ ಅದು ಏರುತ್ತಿತ್ತು, ಅರ್ಧ ಗಂಟೆ ಓಡಿಸಿದ ಮೇಲೆ ಬಹುಪಾಲು ಅಡಗುತ್ತಿತ್ತು. ಇನ್ನೊಂದು, ಗಾಡಿಯನ್ನು ನಿಲ್ಲಿಸಲು ಹಿಂದೆ ಮುಂದೆ ಮಾಡುವಾಗ ಸ್ಟೀರಿಂಗ್ ಭಾರವಾಗಿ, ಭುಜದ ಬಲ ಹಾಕಿ ಎಳೆಯಬೇಕಾಗುತ್ತಿತ್ತು. ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಮರಳುತ್ತಿದ್ದ ಸ್ಟೀರಿಂಗನ್ನು ಈಗ ನಾನೇ ಹಿಂದಕ್ಕೆ ತರಬೇಕಾಗಿತ್ತು. ಸದ್ದೂ ಭಾರವೂ ಒಟ್ಟಿಗೆ ಬಂದದ್ದರಿಂದ ಎರಡಕ್ಕೂ ಮೂಲ ಒಂದೇ ಇರಬೇಕೆಂದು ನಾನು ನಂಬಿದೆ. ಆ ನಂಬಿಕೆಯಿಂದಾಗಿ ಎರಡು ತಿಂಗಳು ಹೋದವು, ಕೆಡದಿದ್ದ ಒಂದು ಪಂಪೂ ಹೋಯಿತು.

ನನ್ನ ವಾಹನದಲ್ಲಿರುವುದು ಹಳೆಯ ಮಾದರಿಯ ಹೈಡ್ರಾಲಿಕ್ ವ್ಯವಸ್ಥೆ. ಎಂಜಿನ್ನಿನ ಬೆಲ್ಟ್ ಒಂದು ಪಂಪನ್ನು ತಿರುಗಿಸುತ್ತದೆ. ಪಂಪು ಆಯಿಲ್ ತುಂಬಿಟ್ಟ ಡಬ್ಬಿಯಿಂದ ಅದನ್ನು ಹೀರಿ, ದಪ್ಪ ಪ್ರೆಷರ್ ಹೋಸಿನ ಮೂಲಕ, ಸ್ಟೀರಿಂಗಿನ ತಿರುವನ್ನು ಚಕ್ರಗಳ ರಾಡುಗಳಿಗೆ ದಾಟಿಸುವ ಸ್ಟೀರಿಂಗ್ ಬಾಕ್ಸಿಗೆ ಕಳಿಸುತ್ತದೆ. ಅಲ್ಲಿಂದ ಆಯಿಲ್ ರಿಟರ್ನ್ ಪೈಪಿನಲ್ಲಿ ಡಬ್ಬಿಗೆ ವಾಪಸಾಗುತ್ತದೆ. ಸ್ಟೀರಿಂಗ್ ನೇರವಾಗಿದ್ದಾಗಲೂ ಆಯಿಲ್ ಸುತ್ತುತ್ತಲೇ ಇರುತ್ತದೆ, ಆದರೆ ಒತ್ತಡ ಬಹಳ ಕಡಿಮೆ. ನಾವು ಸ್ಟೀರಿಂಗ್ ತಿರುಗಿಸಿದಾಗ ಬಾಕ್ಸಿನೊಳಗಿನ ತೆಳ್ಳಗಿನ ಉಕ್ಕಿನ ಸಲಾಕೆಯೊಂದು ಕೊಂಚ ತಿರುಚಿಕೊಳ್ಳುತ್ತದೆ, ಆ ತಿರುಚುವಿಕೆ ವಾಲ್ವನ್ನು ಸರಿಸುತ್ತದೆ, ಆಯಿಲ್ ಪಿಸ್ಟನ್ನಿನ ಒಂದು ಬದಿಗೆ ನುಗ್ಗಿ ನಮ್ಮ ಕೈಗೆ ಬಲ ಕೂಡಿಸುತ್ತದೆ. ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1920ರ ದಶಕದಲ್ಲಿ ರೂಪಿಸಿದ, 1951ರಲ್ಲಿ ಕ್ರೈಸ್ಲರ್ ಕಂಪನಿ ಮಾರಾಟದ ಕಾರುಗಳಿಗೆ ತಂದ ಈ ವ್ಯವಸ್ಥೆಯ ಮೂಲ ತತ್ವ ಇಂದಿಗೂ ಹೆಚ್ಚು ಬದಲಾಗಿಲ್ಲ. ನನಗೆ ಇದರಲ್ಲಿ ಮುಖ್ಯವಾಗಿ ನೆನಪಿರಬೇಕಾಗಿದ್ದ ಸಂಗತಿ ಬೇರೊಂದು: ಆಯಿಲಿನ ಬಲ ಇರಲಿ ಬಿಡಲಿ, ನಮ್ಮ ಕೈಯಿಂದ ಮುಂದಿನ ಚಕ್ರಗಳವರೆಗೆ ಶಾಫ್ಟು, ಜಾಯಿಂಟು, ರಾಡುಗಳ ಕಬ್ಬಿಣದ ಕೊಂಡಿ ಸದಾ ಇದ್ದೇ ಇರುತ್ತದೆ. ಆಯಿಲಿನ ಬಲ ಕುಂದಿದರೂ ಭಾರ ಬರುತ್ತದೆ, ಆ ಕೊಂಡಿ ಎಲ್ಲಾದರೂ ಬಿಗಿದುಕೊಂಡರೂ ಭಾರ ಬರುತ್ತದೆ. ಕೈಗೆ ಎರಡೂ ಒಂದೇ ರೀತಿ ತಿಳಿಯುತ್ತವೆ.

ಮೊದಲ ದಿನ ಮಾಡಬೇಕಾದ ಸಾಮಾನ್ಯ ಪರೀಕ್ಷೆಗಳನ್ನು ಮಾಡಿದೆ. ಟೈರುಗಳಲ್ಲಿ ಗಾಳಿ ಸರಿಯಿತ್ತು. ಬೆಲ್ಟಿನ ನಡುಭಾಗವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಾಗ ಹತ್ತು ಮಿಲಿಮೀಟರಿನಷ್ಟು ಬಾಗಿತು, ಬಿರುಕಿರಲಿಲ್ಲ, ಹೊಳಪೇರಿರಲಿಲ್ಲ. ಬೆಲ್ಟ್ ಜಾರುವಾಗ ಬರುವ ಕೀರಲು ಸದ್ದು ಬೇರೆ, ಪಂಪಿನ ಗುಂಯ್‌ಗುಡುವಿಕೆ ಬೇರೆ. ಒಮ್ಮೆ ಎರಡನ್ನೂ ಕೇಳಿದವರಿಗೆ ಮತ್ತೆ ಗೊಂದಲವಾಗುವುದಿಲ್ಲ. ಡಬ್ಬಿಯ ಮುಚ್ಚಳ ತೆಗೆದು ನೋಡಿದಾಗ ಮಾತ್ರ ಅನುಮಾನಕ್ಕೆ ಎಡೆಯಾಯಿತು. ಸ್ವಚ್ಛ ಕೆಂಪು ಬಣ್ಣದಲ್ಲಿರಬೇಕಾಗಿದ್ದ ಆಯಿಲ್ ಕಂದು ಬಣ್ಣಕ್ಕೆ ತಿರುಗಿತ್ತು, ಎಂಜಿನ್ ಚಾಲೂ ಇದ್ದಾಗ ಅದರ ಮೇಲೆ ಸಾಬೂನಿನ ನೊರೆಯಂಥ ಸಣ್ಣ ಗುಳ್ಳೆಗಳ ಪದರವಿತ್ತು. ಮಟ್ಟವೂ ಕನಿಷ್ಠ ಗುರುತಿಗಿಂತ ತುಸು ಕೆಳಗಿತ್ತು. ಕೈಪಿಡಿ ಹೇಳಿದ ದರ್ಜೆಯ ಆಯಿಲನ್ನೇ ತಂದು ಭರ್ತಿ ಮಾಡಿದೆ. ಸದ್ದು ಎರಡು ದಿನ ಕಡಿಮೆಯಾಗಿ ಮತ್ತೆ ಬಂತು.

ಇಲ್ಲಿ ಒಂದು ಮಾತು ಹೇಳಬೇಕು. ಆಯಿಲ್ ಕಡಿಮೆಯಾಗಿದೆಯೆಂದು ಕೈಗೆ ಸಿಕ್ಕಿದ್ದನ್ನು ಸುರಿಯುವವರನ್ನು ನೋಡಿದ್ದೇನೆ, ಒಬ್ಬರು ಬ್ರೇಕ್ ಆಯಿಲನ್ನೇ ಹಾಕಿದ್ದರು. ಆಯಿಲ್ ಸೋರದಂತೆ ತಡೆಯುವ ಸ್ಟೀರಿಂಗಿನ ಸೀಲುಗಳನ್ನು ಖನಿಜ ತೈಲಕ್ಕೆ ತಕ್ಕ ರಬ್ಬರಿನಿಂದ ಮಾಡಿರುತ್ತಾರೆ. ಬ್ರೇಕ್ ಆಯಿಲ್ ತಗುಲಿದರೆ ಅವು ಕೆಡುತ್ತವೆ, ಆಮೇಲೆ ಒಂದೆರಡಲ್ಲ, ಎಲ್ಲ ಸೀಲುಗಳನ್ನೂ ಬದಲಿಸಬೇಕಾಗುತ್ತದೆ. ಕೆಂಪು ಆಯಿಲಿನ ವಾಹನಕ್ಕೆ ಹಸಿರು ಆಯಿಲ್ ಬೆರೆಸುವುದೂ ಅಂಥದೇ ಅವಿವೇಕ.

ನಾನು ಗಾಡಿಯನ್ನು ಒಂದು ವರ್ಕ್‌ಶಾಪಿಗೆ ಒಯ್ದೆ. ಮೆಕ್ಯಾನಿಕ್ ಬಾನೆಟ್ ತೆರೆದು, ಎಂಜಿನ್ ರೇಸ್ ಮಾಡಿಸಿ, ಸ್ಟೀರಿಂಗನ್ನು ಎರಡೂ ಕಡೆಗೆ ತುದಿಯವರೆಗೆ ತಿರುಗಿಸಿ ಪೂರ್ತಿ ಕಟ್ ಮಾಡಿಸಿ, "ಪಂಪು ಹೋಗಿದೆ ಸರ್, ಬೇರೆ ಹಾಕಲೇಬೇಕು" ಎಂದರು. ಒತ್ತಡ ಅಳೆಯುವ ಗೇಜ್ ಹಾಕಿ ನೋಡಿದ್ದೀರಾ ಎಂದು ನಾನು ಕೇಳಲಿಲ್ಲ, ಅವರೂ ಹಾಕಲಿಲ್ಲ. ಸದ್ದು ಪಂಪಿನಿಂದ ಬರುತ್ತಿದೆ, ಆದ್ದರಿಂದ ಪಂಪೇ ಕೆಟ್ಟಿದೆ ಎಂಬ ತರ್ಕ ಇಬ್ಬರಿಗೂ ಒಪ್ಪಿಗೆಯಾಯಿತು. ಹೊಸ ಪಂಪು ಬಂತು, ಹೊಸ ಆಯಿಲ್ ಬಂತು, ಗಾಡಿ ನಿಶ್ಶಬ್ದವಾಯಿತು. ನಾಲ್ಕನೆಯ ದಿನ ಬೆಳಿಗ್ಗೆ ಅದೇ ದುಂಬಿ ಮತ್ತೆ ಗುಂಯ್‌ಗುಟ್ಟಿತು. ಸ್ಟೀರಿಂಗಿನ ಭಾರವಂತೂ ಪಂಪು ಬದಲಾದ ದಿನವೂ ಇಳಿದಿರಲಿಲ್ಲ. ಸದ್ದು ಹೋದ ಸಂತೋಷದಲ್ಲಿ ನಾನು ಅದನ್ನು ಗಮನಕ್ಕೆ ತಂದುಕೊಂಡಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಗಾದೆಯನ್ನು ನಾನು ಕಾಸು ಕೊಟ್ಟು ಕಲಿತಂತಾಯಿತು.

ಹಳೆಯ ಪಂಪನ್ನು ಕೇಳಿ ಪಡೆದುಕೊಂಡು ಬಂದಿದ್ದೆ. ಅದನ್ನು ಬೆಂಚಿನ ಮೇಲಿಟ್ಟು ಬಿಚ್ಚಿ ನೋಡಿದೆ. ರೋಟರಿನ ಸೀಳುಗಳಲ್ಲಿ ಕೂತ ಉಕ್ಕಿನ ಪಟ್ಟಿಗಳು ಬೆರಳಿನಿಂದ ತಳ್ಳಿದರೆ ಸಲೀಸಾಗಿ ಒಳಹೊರಗೆ ಸರಿಯುತ್ತಿದ್ದವು. ಅವು ಉಜ್ಜುತ್ತ ಓಡುವ ಹೊರಬಳೆಯ ಒಳಮೈ ಉಗುರು ಆಡಿಸಿದರೂ ತಡೆಯದಷ್ಟು ನಯವಾಗಿತ್ತು. ಸವೆದ ಪಂಪಿನಲ್ಲಿ ಆ ಒಳಮೈ ಅಲೆಅಲೆಯಾಗಿ ಗೀಚಿರುತ್ತದೆ. ಇದರಲ್ಲಿ ಅಂಥದ್ದೇನೂ ಇರಲಿಲ್ಲ. ಆ ಸಂಜೆಯಿಂದ ನಾನು ಊಹೆಯನ್ನು ಬಿಟ್ಟು ಕೈಪಿಡಿಯನ್ನು ಮೊದಲ ಸಾಲಿನಿಂದ ಓದತೊಡಗಿದೆ.

ಕೈಪಿಡಿ ಮೊದಲು ಕೇಳುವುದು ಒತ್ತಡದ ಪರೀಕ್ಷೆಯನ್ನು. ಪರಿಚಯದವರೊಬ್ಬರಿಂದ ಗೇಜನ್ನು ಎರವಲು ತಂದೆ. ಅದು ಪಂಪಿಗೂ ಪ್ರೆಷರ್ ಹೋಸಿಗೂ ನಡುವೆ ಕೂರುತ್ತದೆ. ಅದರ ಬಾಕ್ಸಿನ ಕಡೆಯ ಬದಿಯಲ್ಲಿ ಮುಚ್ಚಿ ತೆರೆಯುವ ಒಂದು ವಾಲ್ವ್ ಇರುತ್ತದೆ. ಸ್ಟೀರಿಂಗನ್ನು ಹಲವು ಬಾರಿ ಆ ಕಡೆ ಈ ಕಡೆ ತಿರುಗಿಸಿ ಆಯಿಲನ್ನು 75ರಿಂದ 80 ಡಿಗ್ರಿ ಸೆಲ್ಸಿಯಸ್‌ಗೆ ತಂದ ಬಳಿಕ, ಎಂಜಿನ್ನನ್ನು ಸ್ಲೋನಲ್ಲಿ ಬಿಟ್ಟು, ವಾಲ್ವನ್ನು ಪೂರ್ತಿ ಮುಚ್ಚಿ ಮುಳ್ಳು ಎಲ್ಲಿಗೆ ಏರುತ್ತದೆಂದು ನೋಡಬೇಕು. ವಾಲ್ವನ್ನು ಐದು ಸೆಕೆಂಡಿಗಿಂತ ಹೆಚ್ಚು ಮುಚ್ಚಿಡಬಾರದು, ಏಕೆಂದರೆ ಆಗ ಆಯಿಲಿಗೆ ಹೋಗಲು ದಾರಿಯಿರದೆ ಪಂಪಿನೊಳಗೇ ಕುದಿಯುವಂತೆ ಕಾಯುತ್ತದೆ. ನನ್ನ ವಾಹನಕ್ಕೆ ನಿಗದಿಯಾದದ್ದು 80 ಬಾರ್ ಒತ್ತಡ. ಮುಳ್ಳು 79ಕ್ಕೆ ಏರಿ ನಿಂತಿತು. ಅಂದರೆ ಪಂಪು ನಿರಪರಾಧಿ. ನಂತರ ವಾಲ್ವ್ ತೆರೆದು, ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ಕಟ್ ಮಾಡಿ ಹಿಡಿದೆ. ಬಾಕ್ಸಿನೊಳಗಿನ ಸೀಲು ಸವೆದಿದ್ದರೆ ಆಯಿಲ್ ಪಿಸ್ಟನ್ನಿನ ಒಂದು ಬದಿಯಿಂದ ಇನ್ನೊಂದಕ್ಕೆ ನುಸುಳಿ ಒತ್ತಡ ಅಷ್ಟು ಏರುವುದಿಲ್ಲ. ಎರಡೂ ಕಡೆ 78ರ ಆಸುಪಾಸು ತೋರಿಸಿತು. ಬಾಕ್ಸೂ ನಿರಪರಾಧಿ. ಕಾಲು ಗಂಟೆಯ ಈ ಪರೀಕ್ಷೆಯನ್ನು ಹಳೆಯ ಪಂಪು ಗಾಡಿಯಲ್ಲಿದ್ದಾಗಲೇ ಮಾಡಿದ್ದರೆ ಅದನ್ನು ಬಿಚ್ಚುವ ಪ್ರಮೇಯವೇ ಬರುತ್ತಿರಲಿಲ್ಲ.

ಒತ್ತಡ ಸರಿಯಿದ್ದರೂ ಪಂಪು ಕೂಗುತ್ತದೆಯೆಂದರೆ ಅದು ಆಯಿಲಿನ ಜೊತೆ ಗಾಳಿಯನ್ನೂ ನುಂಗುತ್ತಿರಬೇಕು, ಇಲ್ಲವೇ ಹೀರಲು ಸಾಕಷ್ಟು ಆಯಿಲ್ ಸಿಗದೆ ಒದ್ದಾಡುತ್ತಿರಬೇಕು. ಗುಳ್ಳೆಗಳು ಪಂಪಿನ ಕಡಿಮೆ ಒತ್ತಡದ ಬದಿಯಿಂದ ಹೆಚ್ಚು ಒತ್ತಡದ ಬದಿಗೆ ಬಂದಾಗ ಹಠಾತ್ತನೆ ಕುಸಿಯುತ್ತವೆ, ಆ ಅಸಂಖ್ಯ ಕುಸಿತಗಳೇ ನಮಗೆ ಕೇಳುವ ಗುಂಯ್ ಸದ್ದು. ತಣ್ಣಗಿನ ಆಯಿಲ್ ಮಂದವಾಗಿರುವುದರಿಂದ ಪಂಪು ಹೆಚ್ಚು ಬಲದಿಂದ ಹೀರಬೇಕಾಗುತ್ತದೆ, ಬೆಳಗಿನ ಹೊತ್ತು ಸದ್ದು ಹೆಚ್ಚಲು ಅದೇ ಕಾರಣ. ಒಳಗೆ ಗಾಳಿ ಸಿಕ್ಕಿಕೊಂಡಿದೆಯೇ ಎಂದು ತಿಳಿಯಲು ಕೈಪಿಡಿಯಲ್ಲಿ ಸರಳವಾದ ಉಪಾಯವೊಂದಿತ್ತು. ಎಂಜಿನ್ ಓಡುತ್ತಿರುವಾಗ ಡಬ್ಬಿಯಲ್ಲಿನ ಮಟ್ಟವನ್ನು ಗುರುತು ಮಾಡಿ, ಎಂಜಿನ್ ಆಫ್ ಮಾಡಿ ಮತ್ತೆ ನೋಡಬೇಕು. ಒತ್ತಡದಲ್ಲಿ ಕುಗ್ಗಿದ್ದ ಗಾಳಿ ಒತ್ತಡ ಹೋದೊಡನೆ ಹಿಗ್ಗಿ ಆಯಿಲನ್ನು ಮೇಲಕ್ಕೆ ತಳ್ಳುತ್ತದೆ. 5 ಮಿಲಿಮೀಟರಿನವರೆಗಿನ ಏರಿಕೆಗೆ ಅಲ್ಲಿ ರಿಯಾಯಿತಿ ಇತ್ತು. ನನ್ನದು 14 ಮಿಲಿಮೀಟರ್ ಏರಿತು.

ಆದರೆ ಗಾಳಿ ಬರುವುದೆಲ್ಲಿಂದ? ನೆಲದ ಮೇಲೆ ಒಂದು ಹನಿ ಆಯಿಲ್ ಬೀಳುತ್ತಿರಲಿಲ್ಲ. ಹನಿ ಇಲ್ಲವೆಂದರೆ ಸೋರಿಕೆಯೇ ಇಲ್ಲ ಎಂದುಕೊಂಡದ್ದು ನನ್ನ ಎರಡನೆಯ ತಪ್ಪು. ಡಬ್ಬಿಯಿಂದ ಪಂಪಿನವರೆಗಿನ ದಾರಿಯಲ್ಲಿ ಎಂಜಿನ್ ಓಡುವಾಗ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ; ಅಲ್ಲಿ ಸಂದಿಯಿದ್ದರೆ ಆಯಿಲ್ ಹೊರಗೆ ಬರುವುದಿಲ್ಲ, ಗಾಳಿಯೇ ಒಳಗೆ ಹೋಗುತ್ತದೆ. ಎಂಜಿನ್ ನಿಂತಾಗ ಡಬ್ಬಿಯ ಎತ್ತರದಷ್ಟೇ ಒತ್ತಡವಿರುತ್ತದೆ, ಸಂದಿ ಕಿರಿದಾಗಿದ್ದರೆ ಮಂದ ಆಯಿಲ್ ಅಲ್ಲಿ ಒಸರುವುದೂ ಇಲ್ಲ, ಬಹಳವೆಂದರೆ ಧೂಳು ಅಂಟುವಷ್ಟು ಪಸೆ ಕಾಣುತ್ತದೆ. ಡಬ್ಬಿಯ ಕೆಳಗಿನ ಹೋಸಿನಲ್ಲಿ ಗೇಣುದ್ದದ ತುಂಡನ್ನು ತಾತ್ಕಾಲಿಕವಾಗಿ ತೆಗೆದು, ಆಯಿಲ್ ತಡೆಯುವ ಪಾರದರ್ಶಕ ಪೈಪನ್ನು ಕೂರಿಸಿದೆ. ರಿಟರ್ನ್ ಪೈಪಿಗೂ ಹಾಗೆಯೇ ಮಾಡಿದೆ. ಗಾಡಿಯನ್ನು ರಾತ್ರಿಯಿಡೀ ನಿಲ್ಲಿಸಿ, ಗುಳ್ಳೆಗಳೆಲ್ಲ ಅಡಗಿದ ಮೇಲೆ ಬೆಳಿಗ್ಗೆ ಚಾಲೂ ಮಾಡಿದೆ. ಮೊದಲ ಕೆಲವು ಸೆಕೆಂಡು ಡಬ್ಬಿಯಿಂದ ಇಳಿಯುವ ಪೈಪಿನಲ್ಲಿ ದಾಳಿಂಬೆ ರಸದಂತೆ ತಿಳಿಯಾದ ಆಯಿಲ್ ಹರಿಯುತ್ತಿತ್ತು, ಅದೇ ಹೊತ್ತಿಗೆ ರಿಟರ್ನ್ ಪೈಪಿನಲ್ಲಿ ಗುಲಾಬಿ ಬಣ್ಣದ ನೊರೆ ಬರುತ್ತಿತ್ತು. ಹಾಗಾದರೆ ಗಾಳಿ ಸೇರುತ್ತಿರುವುದು ಈ ಎರಡರ ನಡುವೆ, ಅದೂ ಒತ್ತಡವಿಲ್ಲದ ಪಂಪಿನ ಬಾಯಿಯ ಬಳಿಯೇ ಇರಬೇಕು.

ಪಂಪಿನ ಬಾಯಿಗೆ ಹೋಸನ್ನು ಜೋಡಿಸುವ ಮೊಣಕೈ ಆಕಾರದ ಒಂದು ತುಂಡು ಇದೆ. ಅದನ್ನು ಒಂದೇ ಬೋಲ್ಟ್ ಹಿಡಿದಿರುತ್ತದೆ, ಸಂದಿಯನ್ನು ಓ-ರಿಂಗ್ ಎಂಬ ಬಳೆಯಂಥ ರಬ್ಬರ್ ಸೀಲು ಮುಚ್ಚಿರುತ್ತದೆ. ಬೆಲ್ಟಿನಿಂದ ಕೈಯನ್ನು ದೂರವಿಟ್ಟು, ಉದ್ದನೆಯ ಕಡ್ಡಿಯ ತುದಿಯಿಂದ ಆ ಜೋಡಣೆಯ ಸುತ್ತ ಗಟ್ಟಿ ಗ್ರೀಸನ್ನು ಬಳಿದೆ. ಹತ್ತು ಸೆಕೆಂಡಿನೊಳಗೆ ಸದ್ದು ಅರ್ಧಕ್ಕಿಳಿಯಿತು. ಬಿಚ್ಚಿ ತೆಗೆದ ಓ-ರಿಂಗ್ ಈಗಲೂ ನನ್ನ ಹತ್ತಿರವಿದೆ: ದುಂಡಗಿರಬೇಕಾದ ಅದರ ಮೈ ಒಂದು ಬದಿಯಲ್ಲಿ ಚಪ್ಪಟೆಯಾಗಿ ಹೋಗಿತ್ತು, ಉಗುರಿನಿಂದ ಒತ್ತಿದರೆ ರಬ್ಬರಿನಂತೆ ತಗ್ಗದೆ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿತ್ತು, ತುಸು ಬಾಗಿಸಿದಾಗ ಕೂದಲೆಳೆಯಂಥ ಬಿರುಕುಗಳು ಬಾಯಿಬಿಟ್ಟವು. ಹೊಸ ಪಂಪಿಗೆ ಹೊಸ ಓ-ರಿಂಗ್ ಹೇಗೆ ಹೀಗಾಯಿತೆಂದು ಒಂದು ಕ್ಷಣ ಬೆರಗಾದೆ. ಆಮೇಲೆ ಹೊಳೆಯಿತು: ಹೊಸ ಪಂಪಿನೊಂದಿಗೆ ಆ ಮೊಣಕೈ ತುಂಡು ಬಂದಿರಲಿಲ್ಲ, ವರ್ಕ್‌ಶಾಪಿನಲ್ಲಿ ಹಳೆಯದನ್ನೇ ಅದರ ಓ-ರಿಂಗಿನ ಸಮೇತ ಹೊಸ ಪಂಪಿಗೆ ವರ್ಗಾಯಿಸಿದ್ದರು. ಇಡೀ ಪಂಪು ಬದಲಾಗಿತ್ತು, ಕೆಟ್ಟಿದ್ದ ಭಾಗ ಮಾತ್ರ ಇದ್ದಲ್ಲೇ ಇತ್ತು.

ಡಬ್ಬಿಯನ್ನೂ ಬಿಡಲಿಲ್ಲ. ಅದರ ತಳದಲ್ಲಿ ತೆಗೆಯಲು ಬಾರದಂತೆ ಕೂರಿಸಿದ ನೈಲಾನ್ ಜರಡಿಯೊಂದಿದೆ. ಬಿಳಿ ಪ್ಲಾಸ್ಟಿಕ್ಕಿನ ಡಬ್ಬಿಯನ್ನು ಟಾರ್ಚಿನ ಬೆಳಕಿಗೆ ಹಿಡಿದರೆ ಜರಡಿಯ ಮುಕ್ಕಾಲು ಭಾಗ ಕಪ್ಪಾಗಿ ಕಾಣಿಸಿತು. ಹಳೆಯ ರಿಟರ್ನ್ ಹೋಸಿನ ಒಳಮೈ ಪುಡಿಯಾಗಿ ಅಲ್ಲಿ ಬಂದು ಕೂತಿತ್ತು. ಜರಡಿ ಕಟ್ಟಿಕೊಂಡಷ್ಟೂ ಪಂಪು ಹೆಚ್ಚು ಜಗ್ಗುತ್ತದೆ, ಹೆಚ್ಚು ಜಗ್ಗಿದಷ್ಟೂ ಸಡಿಲ ಓ-ರಿಂಗಿನಿಂದ ಗಾಳಿ ಒಳಬರುತ್ತದೆ. ಒಂದು ದೋಷ ಇನ್ನೊಂದನ್ನು ಸಾಕುತ್ತಿತ್ತು. ಡಬ್ಬಿ, ರಿಟರ್ನ್ ಹೋಸು, ಕ್ಲಾಂಪುಗಳು, ಓ-ರಿಂಗು ನಾಲ್ಕನ್ನೂ ಹೊಸದಾಗಿ ಹಾಕಿದೆ.

ಇನ್ನು ಒಳಗಿನ ಗಾಳಿ ತೆಗೆಯುವ ಕೆಲಸ. ಇದರಲ್ಲಿ ಅವಸರ ಮಾಡಿದವರೇ ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಮುಂಭಾಗವನ್ನು ಜಾಕಿನಿಂದ ಎತ್ತಿ, ಫ್ರೇಮಿನ ಕೆಳಗೆ ಸ್ಟ್ಯಾಂಡುಗಳನ್ನು ಕೊಟ್ಟು, ಎಂಜಿನ್ ಚಾಲೂ ಮಾಡದೆಯೇ ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಇಪ್ಪತ್ತು ಬಾರಿ ತಿರುಗಿಸಿದೆ. ಮಟ್ಟ ಇಳಿದಂತೆ ಆಯಿಲ್ ತುಂಬುತ್ತ ಹೋದೆ. ಎಂಜಿನ್ ಓಡಿಸುತ್ತ ಇದನ್ನು ಆರಂಭಿಸಿದರೆ ಪಂಪು ದೊಡ್ಡ ಗುಳ್ಳೆಗಳನ್ನು ಕಡೆದು ಸಣ್ಣ ನೊರೆ ಮಾಡುತ್ತದೆ, ಆ ನೊರೆ ಅಡಗಲು ಗಂಟೆಗಟ್ಟಲೆ ಬೇಕು. ಗುಳ್ಳೆ ಬರುವುದು ನಿಂತ ಮೇಲೆ ಎಂಜಿನ್ ಚಾಲೂ ಮಾಡಿ, ಸ್ಲೋನಲ್ಲೇ ಐದಾರು ಬಾರಿ ತಿರುಗಿಸಿದೆ. ತುದಿಯಲ್ಲಿ ಒಂದೆರಡು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಲಿಲ್ಲ. ಎಂಜಿನ್ ಆಫ್ ಮಾಡಿದಾಗ ಮಟ್ಟ 2 ಮಿಲಿಮೀಟರ್ ಏರಿತು. ಮರುದಿನ ಬೆಳಿಗ್ಗೆ ಗಾಡಿ ಚಾಲೂ ಮಾಡಿದಾಗ ಡೀಸೆಲ್ ಎಂಜಿನ್ನಿನ ಟಕಟಕ ಸದ್ದೊಂದೇ ಕೇಳಿಸಿತು.

ಸ್ಟೀರಿಂಗ್ ಮಾತ್ರ ಮೊದಲಿನಷ್ಟೇ ಭಾರವಾಗಿತ್ತು.

ಈಗ ಸದ್ದು ಇಲ್ಲದ್ದರಿಂದ ಭಾರವನ್ನು ಅದರ ಪಾಡಿಗೆ ಗಮನಿಸಲು ಸಾಧ್ಯವಾಯಿತು. ಅದು ಒಂದೇ ಸಮನಾಗಿರಲಿಲ್ಲ. ಸ್ಟೀರಿಂಗ್ ಒಂದು ಸುತ್ತು ತಿರುಗುವಷ್ಟರಲ್ಲಿ ಎರಡು ಕಡೆ ಬಿಗಿಯುತ್ತಿತ್ತು, ನಡುವೆ ಸಡಿಲವಾಗುತ್ತಿತ್ತು. ಬಿಗಿಯುವ ಜಾಗಗಳಲ್ಲಿ ಸ್ಟೀರಿಂಗಿನ ಅಂಚಿಗೆ ಬಿಳಿ ಟೇಪಿನ ಚೂರುಗಳನ್ನು ಅಂಟಿಸಿದೆ. ಎರಡೂ ಚೂರುಗಳು ಗಡಿಯಾರದ ಎರಡು ಮತ್ತು ಎಂಟು ಗಂಟೆಯ ಹಾಗೆ ಸರಿಯಾಗಿ ಎದುರುಬದುರಾಗಿ ಕೂತವು. ತೂಕದ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಸ್ಟೀರಿಂಗಿನ ಅಂಚಿಗೆ ಸಿಕ್ಕಿಸಿ, ಎಂಜಿನ್ ಓಡುತ್ತಿರುವಾಗ ಮಟ್ಟಸವಾದ ನೆಲದ ಮೇಲೆ ಎಳೆದು ನೋಡಿದೆ: ಸಡಿಲವಾದಲ್ಲಿ 3.5 ಕಿಲೋ, ಬಿಗಿಯಾದಲ್ಲಿ 7 ಕಿಲೋ. ಆಯಿಲಿನ ಬಲ ಕುಂದಿದ್ದರೆ ಭಾರ ಎಲ್ಲೆಡೆ ಸಮನಾಗಿ ಇರಬೇಕಿತ್ತು, ಅಥವಾ ಒಂದೇ ದಿಕ್ಕಿನಲ್ಲಿ ಕಾಣಬೇಕಿತ್ತು. ಸುತ್ತಿಗೆರಡು ಬಾರಿ ಬಿಗಿಯುವುದು ಸ್ಟೀರಿಂಗ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟಿನ, ಅಂದರೆ ಶಾಫ್ಟು ಓರೆಯಾಗಿ ಬಾಗಿಯೂ ತಿರುಗಲು ಬಿಡುವ ಕೀಲಿನ, ಚಾಳಿ.

ಅನುಮಾನವನ್ನು ಖಚಿತ ಮಾಡಿಕೊಳ್ಳಲು ಮುಂದಿನ ಚಕ್ರಗಳನ್ನು ಮತ್ತೆ ಎತ್ತಿ, ಬಾಕ್ಸಿನಿಂದ ಹೊರಬಂದು ಚಕ್ರಗಳ ರಾಡನ್ನು ಸರಿಸುವ ತೋಳಾದ ಡ್ರಾಪ್ ಆರ್ಮಿನಿಂದ ಆ ರಾಡನ್ನು ಬಿಡಿಸಿದೆ. ಚಕ್ರಗಳನ್ನು ಕೈಯಿಂದ ತಳ್ಳಿದರೆ ಅವು ಎಡಬಲಕ್ಕೆ ಹಗುರವಾಗಿ ಓಲಾಡಿದವು, ಆದ್ದರಿಂದ ಬಾಲ್ ಜಾಯಿಂಟುಗಳಲ್ಲಿ ತೊಂದರೆಯಿರಲಿಲ್ಲ. ಚಕ್ರಗಳ ಸಂಪರ್ಕವೇ ಇರದಿದ್ದರೂ ಸ್ಟೀರಿಂಗ್ ಟೇಪು ಹಚ್ಚಿದ ಜಾಗಗಳಲ್ಲೇ ಬಿಗಿಯುತ್ತಿತ್ತು. ಹೀಗೆ ರಾಡು ಬಿಡಿಸಿದಾಗ ಸ್ಟೀರಿಂಗನ್ನು ತುದಿಗೆ ರಭಸದಿಂದ ಬಡಿಯಬಾರದು, ಬಾಕ್ಸಿನ ಒಳಭಾಗಗಳಿಗೆ ಪೆಟ್ಟಾಗುತ್ತದೆ.

ಸ್ಟೀರಿಂಗಿಗೂ ಬಾಕ್ಸಿಗೂ ನಡುವಿನ ಶಾಫ್ಟನ್ನು ತೆಗೆಯುವ ಮುನ್ನ ಚಕ್ರಗಳನ್ನು ನೇರವಾಗಿಟ್ಟು, ಸ್ಟೀರಿಂಗನ್ನು ಸೀಟಿನ ಬೆಲ್ಟಿನಿಂದ ಅಲುಗಾಡದಂತೆ ಕಟ್ಟಿದೆ. ಏರ್‌ಬ್ಯಾಗ್ ಇರುವ ವಾಹನದಲ್ಲಿ ಸ್ಟೀರಿಂಗ್ ಕೆಳಗೆ ಸುರುಳಿ ಸುತ್ತಿದ ತಂತಿಯ ಪಟ್ಟಿ ಇರುತ್ತದೆ, ಶಾಫ್ಟ್ ಬಿಚ್ಚಿದಾಗ ಸ್ಟೀರಿಂಗನ್ನು ಮನಬಂದಂತೆ ತಿರುಗಿಸಿದರೆ ಅದು ಹರಿಯುತ್ತದೆ. ಹಲ್ಲುಗಳ ಜೋಡಣೆಗೆ ಬಿಳಿ ಬಣ್ಣದಿಂದ ಗುರುತು ಹಾಕಿ ಶಾಫ್ಟನ್ನು ಹೊರತೆಗೆದೆ. ಮೇಲಿನ ಜಾಯಿಂಟು ಬೆರಳಿಗೆ ಸಲೀಸಾಗಿ ಬಾಗಿತು. ಎಕ್ಸಾಸ್ಟಿನ ಪಕ್ಕದಲ್ಲಿ ಹಾದುಹೋಗುವ ಕೆಳಗಿನ ಜಾಯಿಂಟು ಒಂದು ದಿಕ್ಕಿಗೆ ಬಾಗುತ್ತಿತ್ತು, ಇನ್ನೊಂದು ದಿಕ್ಕಿಗೆ ಎರಡೂ ಕೈ ಹಾಕಿದರೂ ಕದಲಲಿಲ್ಲ. ಜಾಯಿಂಟಿನ ನಡುವೆ ಕೂರುವ ಕೂಡುಗುರುತಿನ ಆಕಾರದ ಕ್ರಾಸಿನ ಒಂದು ತುದಿಯ ಬಟ್ಟಲನ್ನು ಬಡಿದು ತೆಗೆದಾಗ ಸೂಜಿ ಬೇರಿಂಗುಗಳ ಬದಲು ಇಟ್ಟಿಗೆ ಬಣ್ಣದ ಪುಡಿ ಉದುರಿತು. ಶಾಖಕ್ಕೆ ಗ್ರೀಸ್ ಒಣಗಿ, ಮಳೆನೀರು ಎರಚಿ, ಸೂಜಿಗಳು ತುಕ್ಕಿನಲ್ಲಿ ಹೂತುಹೋಗಿದ್ದವು. ತಿರುವಿನ ಬಳಿಕ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರದಿದ್ದ ರಹಸ್ಯವೂ ಅಲ್ಲೇ ಇತ್ತು. ಅದು ಕಬ್ಬಿಣದ ಘರ್ಷಣೆಯ ಲಕ್ಷಣವೆಂದು ಮೊದಲ ವಾರವೇ ಹೊಳೆಯಬೇಕಿತ್ತು, ಏಕೆಂದರೆ ಪಂಪು ಸೋತರೆ ತಿರುಗಿಸುವುದು ಕಷ್ಟವಾಗುತ್ತದೆಯೇ ಹೊರತು ಮರಳುವುದು ನಿಲ್ಲುವುದಿಲ್ಲ.

ತುಕ್ಕು ಬಿಡಿಸುವ ಎಣ್ಣೆ ಹಾಕಿ ಅದನ್ನು ಆಡುವಂತೆ ಮಾಡಬಹುದಿತ್ತು. ಹಾಗೆ ಮಾಡಿದವರನ್ನೂ ಬಲ್ಲೆ. ಸ್ಟೀರಿಂಗಿನ ಕೊಂಡಿಯಲ್ಲಿ ಅಂಥ ಜುಗಾಡಿಗೆ ನನ್ನ ಮನಸ್ಸು ಒಪ್ಪಲಿಲ್ಲ. ಹೊಸ ಶಾಫ್ಟ್ ತಂದು, ಗುರುತಿಗೆ ಗುರುತು ಸೇರಿಸಿ, ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ನಿಗದಿತ ಬಿಗಿತಕ್ಕೆ ತಂದೆ. ಬಿಡಿಸಿದ್ದ ರಾಡಿಗೆ ಹೊಸ ಸ್ಪ್ಲಿಟ್ ಪಿನ್ ಹಾಕಿದೆ. ಸ್ಪ್ರಿಂಗ್ ತಕ್ಕಡಿ ಈಗ ಇಡೀ ಸುತ್ತಿನಲ್ಲಿ 3.5 ಕಿಲೋ ತೋರಿಸಿತು, ಟೇಪು ಹಚ್ಚಿದ ಜಾಗಗಳಲ್ಲೂ ಅಷ್ಟೇ. ಡ್ರಾಪ್ ಆರ್ಮಿನ ಮೇಲಿನ ಸೀಲಿನಲ್ಲಿ ಸ್ವಲ್ಪ ಪಸೆ ಇದೆ. ಒರೆಸಿ ತಾರೀಖು ಬರೆದಿಟ್ಟಿದ್ದೇನೆ, ತಿಂಗಳಿಗೊಮ್ಮೆ ಡಬ್ಬಿಯ ಮಟ್ಟ ನೋಡುತ್ತಿದ್ದೇನೆ. ಹಳೆಯ ಪಂಪನ್ನು ಮತ್ತೆ ಜೋಡಿಸಿ, ಬಾಯಿಗಳನ್ನು ಮುಚ್ಚಿ, ಆಯಿಲ್ ಸವರಿ ಕಪಾಟಿನಲ್ಲಿ ಇಟ್ಟಿದ್ದೇನೆ.